ಕೆಂಪು ದಾಸವಾಳದ ಎಸಳು ಚಿತ್ರದಲ್ಲಿ ಏಕೆ ಅಳಿಸಿಹೋಗುತ್ತದೆ

ಮಾನ್ಯರೆ,

ಬಿಸಿಲಿನಲ್ಲಿ ಅರಳಿದ ಕೆಂಪು ದಾಸವಾಳವನ್ನು ಕಣ್ಣಾರೆ ನೋಡುವಾಗ ಬುಡದಿಂದ ಅಂಚಿನವರೆಗೆ ಕವಲೊಡೆಯುವ ನರಗಳು, ಎಸಳಿನ ಮಡಿಕೆಗಳು, ಒಳಗಿನ ಗಾಢ ಛಾಯೆ ಎಲ್ಲವೂ ಸ್ಪಷ್ಟವಾಗಿರುತ್ತವೆ. ಚಿತ್ರ ತೆಗೆದಾಗ ಮಾತ್ರ ಎಲೆಯ ಹಸಿರು, ಪರಾಗದ ಹಳದಿ ಸರಿಯಾಗಿಯೇ ಬಂದಿದ್ದರೂ ಎಸಳು ಮಡಿಕೆಯಿಲ್ಲದ ಕೆಂಪು ಮಚ್ಚೆಯಾಗಿಬಿಡುತ್ತದೆ. ಇದನ್ನು ಫೋಕಸ್‌ನ ದೋಷವೆಂದು ತಿಳಿದು ಲೆನ್ಸ್ ಬದಲಿಸುವವರಿದ್ದಾರೆ. ದೋಷವಿರುವುದು ಬಣ್ಣಗಳ ಲೆಕ್ಕದಲ್ಲಿ.

ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ವಿನ್ಯಾಸವೇ ಇಂದಿಗೂ ಬಹುಪಾಲು ಕ್ಯಾಮೆರಾಗಳ ಸೆನ್ಸರ್‌ಗೆ ಆಧಾರ. ಅದರಲ್ಲಿ ಅರ್ಧದಷ್ಟು ಬಿಂದುಗಳು ಹಸಿರನ್ನೂ ಕಾಲುಭಾಗ ಕೆಂಪನ್ನೂ ಇನ್ನುಳಿದ ಕಾಲುಭಾಗ ನೀಲಿಯನ್ನೂ ಅಳೆಯುತ್ತವೆ. ದಾಸವಾಳದ ಎಸಳಿನಲ್ಲಿರುವ ಆಂಥೋಸಯಾನಿನ್ ವರ್ಣದ್ರವ್ಯ ಹಸಿರು ಬೆಳಕನ್ನು ಹೆಚ್ಚಾಗಿ ಹೀರಿಕೊಂಡು ಕೆಂಪನ್ನು ಹಿಂತಿರುಗಿಸುವುದರಿಂದ, ಎಸಳಿನ ಏರುತಗ್ಗುಗಳ ವಿವರವೆಲ್ಲ ಬಹುಮಟ್ಟಿಗೆ ಕೆಂಪು ಚಾನೆಲ್ (ಕೆಂಪು ಬಣ್ಣದ ಅಳತೆಗಳು ಸೇರುವ ಪದರ) ಒಂದರಲ್ಲೇ ದಾಖಲಾಗುತ್ತದೆ. ಕ್ಯಾಮೆರಾ ಸಂಸ್ಕರಿಸಿ ಕೊಡುವ ಜೆಪೆಗ್ ಚಿತ್ರದಲ್ಲಿ ಪ್ರತಿ ಚಾನೆಲ್‌ಗೂ ಇರುವುದು 0ಯಿಂದ 255ರವರೆಗಿನ ಮೆಟ್ಟಿಲುಗಳಷ್ಟೆ. ಕೆಂಪು 255ನ್ನು ಮುಟ್ಟಿದ ಮೇಲೆ ನರಕ್ಕೂ ಅದರ ಪಕ್ಕದ ಎಸಳಿಗೂ ಒಂದೇ ಅಂಕಿ ಬೀಳುತ್ತದೆ. ವ್ಯತ್ಯಾಸ ತೋರಿಸಲು ಬೇರೆ ಎರಡು ಚಾನೆಲ್‌ಗಳಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಕ್ಯಾಮೆರಾ ಇದನ್ನು ಎಚ್ಚರಿಸುವುದಿಲ್ಲವೇ ಎಂದು ಕೇಳಬಹುದು. ಒಟ್ಟು ಹೊಳಪನ್ನು ಲೆಕ್ಕ ಹಾಕುವ ಪ್ರಚಲಿತ ಸೂತ್ರವೊಂದರಲ್ಲಿ ಹಸಿರಿನ ಪಾಲು ಸುಮಾರು ಶೇ. 72, ಕೆಂಪಿನದು ಶೇ. 21, ನೀಲಿಯದು ಶೇ. 7. ಆದ್ದರಿಂದ ಕೆಂಪು ತುಂಬಿ ತುಳುಕುತ್ತಿದ್ದರೂ ಹೊಳಪಿನ ಹಿಸ್ಟೋಗ್ರಾಂ (ಕಪ್ಪನ್ನು ಎಡಕ್ಕೂ ಬಿಳುಪನ್ನು ಬಲಕ್ಕೂ ಇಟ್ಟು, ಯಾವ ಹೊಳಪಿನ ಬಿಂದುಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ) ನಡುವಿನಲ್ಲಿಯೇ ನೆಮ್ಮದಿಯಾಗಿ ನಿಂತಿರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಹೂವು ಚೌಕಟ್ಟನ್ನು ತುಂಬಿದಾಗ ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರು ಅದನ್ನು ಕಪ್ಪಾದ ವಸ್ತುವೆಂದು ಭಾವಿಸಿ ಎಕ್ಸ್‌ಪೋಶರನ್ನು (ಸೆನ್ಸರ್ ಮೇಲೆ ಬೀಳುವ ಬೆಳಕಿನ ಪ್ರಮಾಣವನ್ನು) ಇನ್ನಷ್ಟು ಏರಿಸಬಹುದು. ಹೀಗಾಗಿ ಮೂರೂ ಬಣ್ಣಗಳನ್ನು ಬಿಡಿಬಿಡಿಯಾಗಿ ತೋರಿಸುವ ಹಿಸ್ಟೋಗ್ರಾಂ ಆರಿಸಿಕೊಂಡು, ಕೆಂಪಿನ ಗೆರೆ ಬಲಗೋಡೆಗೆ ಒತ್ತಿ ನಿಂತಿದೆಯೇ ಎಂದು ನೋಡುವುದು ಮೊದಲ ಕೆಲಸ. ನಿಂತಿದ್ದರೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನ ಮೂರನೇ ಎರಡು ಭಾಗದಿಂದ ಪೂರ್ತಿ ಒಂದು ಸ್ಟಾಪ್‌ವರೆಗೆ (ಒಂದು ಸ್ಟಾಪ್ ಇಳಿಸುವುದೆಂದರೆ ಬೆಳಕನ್ನು ಅರ್ಧಕ್ಕೆ ತರುವುದು) ಇಳಿಸಿ ಮತ್ತೆ ನೋಡಬೇಕು.

ಇನ್ನೊಂದು ಕಾರಣ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ಹಗಲ ಬೆಳಕಿನಲ್ಲಿ ಸೆನ್ಸರ್‌ನ ಕೆಂಪು ಬಿಂದುಗಳು ಹಸಿರಿನಷ್ಟು ಬಲವಾದ ಸಂಕೇತ ಕೊಡುವುದಿಲ್ಲವಾದ್ದರಿಂದ, ವೈಟ್ ಬ್ಯಾಲೆನ್ಸ್‌ಗಾಗಿ, ಅಂದರೆ ಬಿಳುಪು ಬಿಳುಪಾಗಿಯೇ ಕಾಣಲೆಂದು, ಕ್ಯಾಮೆರಾ ಆ ಅಂಕಿಗಳನ್ನು ಗುಣಿಸುತ್ತದೆ. ಅನೇಕ ಕ್ಯಾಮೆರಾಗಳಲ್ಲಿ ಇದು ಇಮ್ಮಡಿಗೆ ಹತ್ತಿರ. ಅದರ ಮೇಲೆ ಹೂವಿನ ಚಿತ್ರಗಳಿಗೆಂದು ನಾವು ಆಸೆಯಿಂದ ಆರಿಸುವ ‘ವಿವಿಡ್’ ಶೈಲಿ ಕೆಂಪನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಎಂದರೆ ಸೆನ್ಸರ್ ಹಿಡಿದಿಟ್ಟ ವಿವರವನ್ನು ಜೆಪೆಗ್ ತಯಾರಿಯಲ್ಲಿ ನಾವೇ ಅಳಿಸಿರುವುದುಂಟು. ಸೆನ್ಸರ್‌ನ ಅಂಕಿಗಳನ್ನು ಸಂಸ್ಕರಿಸದೆ 12 ಅಥವಾ 14 ಬಿಟ್‌ಗಳಲ್ಲಿ, ಅಂದರೆ ಜೆಪೆಗ್‌ಗಿಂತ ಹೆಚ್ಚು ಮೆಟ್ಟಿಲುಗಳಲ್ಲಿ, ಇಡುವ ರಾ ಫೈಲ್‌ನಲ್ಲಿ ಆ ಎಸಳು ಬಹಳ ಸಲ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ರಾ ಆಯ್ಕೆಯನ್ನು ನಾನು ಒತ್ತಾಯಪೂರ್ವಕವಾಗಿಯೇ ಸೂಚಿಸುತ್ತೇನೆ. ರಾ ತೆಗೆಯುವಾಗಲೂ ಪರದೆಯ ಹಿಸ್ಟೋಗ್ರಾಂ ಜೆಪೆಗ್ ಮುನ್ನೋಟದಿಂದ ಹುಟ್ಟುವುದರಿಂದ, ‘ನ್ಯೂಟ್ರಲ್’ ಶೈಲಿ ಇಟ್ಟುಕೊಂಡರೆ ಅದು ನಿಜಕ್ಕೆ ಹತ್ತಿರವಾಗುತ್ತದೆ.

ಸಾಮಾನ್ಯ ಎಸ್‌ಆರ್‌ಜಿಬಿಯ ಬದಲು ಹೆಚ್ಚು ಬಣ್ಣಗಳನ್ನು ಒಳಗೊಳ್ಳುವ ಅಡೋಬ್ ಆರ್‌ಜಿಬಿ ಎಂಬ ಬಣ್ಣವ್ಯಾಪ್ತಿಯನ್ನು ಬಳಸಿದರೆ ಸಮಸ್ಯೆ ತೀರುತ್ತದೆ ಎಂಬ ಸಲಹೆಯೂ ಕೇಳಿಬರುತ್ತದೆ. ಅದರ ಹೆಚ್ಚಿನ ಹರವು ಹಸಿರಿನ ಕಡೆಗಿದೆ. ಕೆಂಪಿನ ಮೂಲಬಿಂದು ಎಸ್‌ಆರ್‌ಜಿಬಿಯಲ್ಲಿರುವುದೇ. ದಾಸವಾಳಕ್ಕೆ ಅದರಿಂದ ಆಗುವ ಲಾಭ ಅಲ್ಪ.

ಚೆಂಡು ಹೂವಿನ ಹಳದಿಯಲ್ಲಿ ಕೆಂಪಿನ ಜೊತೆ ಹಸಿರೂ ಮೇಲೇರುವುದರಿಂದ ಹೊಳಪಿನ ಹಿಸ್ಟೋಗ್ರಾಂ ಸ್ವಲ್ಪಮಟ್ಟಿಗೆ ಎಚ್ಚರಿಸುತ್ತದೆ. ಶಂಖಪುಷ್ಪದ ನೀಲಿಯ ವಿಷಯದಲ್ಲಿ ಅದನ್ನು ನಂಬಲೇಬಾರದು.

ಬೆಳಕಿನ ಆಯ್ಕೆ ಇವೆಲ್ಲಕ್ಕಿಂತ ಮೊದಲಿನದು. ನೇರ ಬಿಸಿಲು ಎಸಳಿನ ಒಂದು ಭಾಗವನ್ನು ಉರಿಸಿ ಇನ್ನೊಂದನ್ನು ನೆರಳಿಗೆ ದೂಡುತ್ತದೆ. ತೆಳು ಮೋಡದ ಆಕಾಶವಾಗಲಿ, ಹೂವಿಗೂ ಸೂರ್ಯನಿಗೂ ನಡುವೆ ಹಿಡಿದ ತೆಳುವಾದ ಬಿಳಿ ಬಟ್ಟೆಯಾಗಲಿ ಆ ಅಂತರವನ್ನು ತಗ್ಗಿಸುತ್ತದೆ. ಆ ಮೃದು ಬೆಳಕು ಹೂವಿನ ಮುಂಭಾಗಕ್ಕಲ್ಲದೆ ಒಂದು ಪಕ್ಕದಿಂದ ಬಿದ್ದರೆ, ಪ್ರತಿ ನರವೂ ತನ್ನದೇ ಸಣ್ಣ ನೆರಳನ್ನು ಪಡೆದು ಎದ್ದು ಕಾಣುತ್ತದೆ.