ಕಾಳಿ ನಾಯಿ, ಒಂದು ಟಾರ್ಚು, ನಾವು ಆರು ಜನ

ಎಲ್ಲರಿಗೂ ನಮಸ್ಕಾರ. ಇವತ್ತು ಶನಿವಾರ, ಬೆಳಿಗ್ಗೆ ಹತ್ತೂವರೆ. ಬೆಂಗಳೂರಿನ ಗಾಂಧಿ ಬಜಾರಿನ ಹಿಂದೆ ಒಂದು ಹಳೇ ಮನೆ, ಅದರ ಮೊದಲ ಮಹಡಿ. ಕೆಳಗೆ ಓನರ್ ಅಜ್ಜಿ ಇದ್ದಾರೆ. ಅವರ ಕುಕ್ಕರ್ ಕೂಗಿದರೆ ಇಲ್ಲಿ ಮೀಟಿಂಗ್ ನಿಲ್ಲುತ್ತದೆ. ಇದೇ ನಮ್ಮ ಸ್ಟುಡಿಯೊ.

ಮ್ಯೂಸಿಯಂಗಳಿಗೆ ಗ್ಯಾಲರಿ ಮಾಡಿಕೊಡುವುದು ನಮ್ಮ ಕೆಲಸ. ಮುಟ್ಟಿದರೆ ಮಾತಾಡುವುದು, ಹತ್ತಿರ ಹೋದರೆ ಬೆಳಗುವುದು, ಅಂಥವು. 'ಅಂದ್ರೆ ಇಂಟೀರಿಯರ್ ಡೆಕೊರೇಶನ್ನಾ?' ಅಂತ ನಮ್ಮ ದೊಡ್ಡಮ್ಮ ನಾಲ್ಕು ವರ್ಷದಿಂದ ಕೇಳುತ್ತಿದ್ದಾರೆ. ಅದಕ್ಕೇ ಈ ವಿಡಿಯೊ. ದೊಡ್ಡಮ್ಮ, ಸ್ಕಿಪ್ ಮಾಡದೆ ನೋಡಿ.

ಮೊದಲು ಈ ಕತ್ತಲೆ ಕೋಣೆಗೆ ಬನ್ನಿ. ಹಿಂದೆ ಇದು ಮನೆಯ ಉಗ್ರಾಣ. ಗೋಡೆಗೆ ಒರಗಿಸಿರುವುದು ಆತಕೂರು ಶಾಸನದ ಪ್ರತಿಕೃತಿ. ಅಸಲಿ ಕಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಇದು ಫೈಬರ್‌ನದು, ಪೀಣ್ಯದಿಂದ ಟೆಂಪೊದಲ್ಲಿ ಬಂತು. ಈಗ ಟಾರ್ಚನ್ನು ನೇರ ಮುಂದೆ ಹಿಡಿಯುತ್ತೇನೆ. ಏನು ಕಾಣಿಸುತ್ತಿದೆ? ಬೂದು ಹಲಗೆ, ಅಷ್ಟೇ. ಇನ್ನು ಟಾರ್ಚನ್ನು ಪಕ್ಕಕ್ಕೆ ತರುತ್ತೇನೆ, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವ ಹಾಗೆ. ನೋಡಿ. ಅಕ್ಷರ ಎದ್ದು ನಿಂತವು, ಅಲ್ವಾ? ಒಂದೊಂದು ಗೆರೆಯ ಪಕ್ಕಕ್ಕೂ ಒಂದು ನೆರಳು. ಶಾಸನ ಓದುವವರಿಗೆ ಇದು ಹಳೇ ಉಪಾಯ. ನಾನು ಮಾತ್ರ ಇದನ್ನು ಮೊದಲ ಸಲ ನೋಡಿದ ದಿನ ಮಧ್ಯಾಹ್ನದ ಊಟ ಮರೆತಿದ್ದೆ.

ಊರೂರಿಗೆ ಹೋಗುವ ಒಂದು ಶಾಲಾ ಪ್ರದರ್ಶನಕ್ಕೆ ಇದನ್ನು ಮಾಡುತ್ತಿದ್ದೇವೆ. ಶುರುವಿನಲ್ಲಿ ದೊಡ್ಡ ಟಚ್‌ಸ್ಕ್ರೀನ್ ಅಂತ ಇತ್ತು. ಕಲ್ಲಿನ ಮೇಲಿರುವ ನಾಯಿ ಓಡುತ್ತದೆ, ಹಂದಿ ಗುಟುರು ಹಾಕುತ್ತದೆ, ಅನಿಮೇಶನ್. ನಮ್ಮ ತಂಡದ ಹಿರಿಯರು, ಆರ್ಕಿಟೆಕ್ಟ್ ಮೇಡಂ, ಎಲ್ಲವನ್ನೂ ಸಮಾಧಾನವಾಗಿ ಕೇಳಿ, 'ಸ್ಕ್ರೀನ್ ಮನೆಯಲ್ಲೂ ಇದೆ, ಮಕ್ಕಳ ಕೈಗೆ ಟಾರ್ಚ್ ಕೊಡಿ' ಅಂದರು. ಅನಿಮೇಶನ್ ಬರೆದಿದ್ದ ಹುಡುಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಪಾಪ, ಚೆನ್ನಾಗಿಯೇ ಬರೆದಿದ್ದ.

ಕಲ್ಲಿನ ಕತೆ ಇಷ್ಟು. ಹತ್ತನೇ ಶತಮಾನದ ನಡು ಭಾಗ, ಕ್ರಿ.ಶ. 949ರ ಹೊತ್ತು. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಇಮ್ಮಡಿ ಬೂತುಗ ಸೇರಿ ತಕ್ಕೋಲಂನಲ್ಲಿ ಚೋಳರನ್ನು ಸೋಲಿಸಿದರು. ಆ ಕಾಳಗದಲ್ಲಿ ಚೆನ್ನಾಗಿ ಕಾದಾಡಿದ ಮಣಲೆರ ಎನ್ನುವವನಿಗೆ ಏನು ಬೇಕು ಕೇಳು ಅಂದರೆ, ಅವನು ಕೇಳಿದ್ದು ಕಾಳಿ ಎನ್ನುವ ಬೇಟೆನಾಯಿ. ಮುಂದೊಂದು ದಿನ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಈಗ ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕು. ಕಲ್ಲಿನ ಪೂಜೆಗೆ ಅಂತ ಭೂಮಿಯನ್ನೂ ಬಿಟ್ಟರು.

ಈ ತಂಡದಲ್ಲಿ ನಾನು ಬರೆಯುವವಳು. ಗೋಡೆಯ ಮೇಲಿನ ಆ ಪುಟ್ಟ ಫಲಕ ಇರುತ್ತದಲ್ಲ, ಅದು ನನ್ನದು. ನಲವತ್ತು ಪದ ದಾಟುವಂತಿಲ್ಲ. ನಿಂತುಕೊಂಡು ಯಾರೂ ಜಾಸ್ತಿ ಓದುವುದಿಲ್ಲ, ನೀವೂ ಓದಿಲ್ಲ, ನಿಜ ಹೇಳಿ. ಕಾಳಿ ಸತ್ತದ್ದನ್ನು ಒಂಬತ್ತು ಸಲ ಬರೆದೆ. 'ವೀರಾವೇಶದಿಂದ' ಅಂತ ಬರೆದು ಅಳಿಸಿದೆ. 'ಪ್ರಾಣ ಲೆಕ್ಕಿಸದೆ' ಅಂತ ಬರೆದು ಅಳಿಸಿದೆ. ಕೊನೆಗೆ ಕಲ್ಲಿನಲ್ಲಿ ಏನಿದೆ ಅಂತ ಮತ್ತೆ ನೋಡಿದರೆ, ಪಂದಿಯುಂ ನಾಯುಮೊಡಸತ್ತುವು. ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಸಾವಿರ ವರ್ಷದ ಹಿಂದಿನ ಆ ಬರಹಗಾರ ಒಂದು 'ಒಡ' ಹಾಕಿ ಮುಗಿಸಿದ್ದಾನೆ. ನನ್ನದನ್ನೆಲ್ಲ ಅಳಿಸಿ ಅವನದನ್ನೇ ಇಟ್ಟೆ. ಸಂಬಳ ಮಾತ್ರ ನನಗೆ.

ಬರೆದರೆ ಮುಗಿಯಲಿಲ್ಲ. ಅದು ಫಲಕದ ಮೇಲೆ ಕನ್ನಡವಾಗಿಯೇ ಇಳಿಯಬೇಕಲ್ಲ. ಈ ಕಿಟಕಿ ಪಕ್ಕ ಕೂತಿರುವವಳು ನಮ್ಮ ಗ್ರಾಫಿಕ್ ಡಿಸೈನರ್. ಹಿಂದೊಮ್ಮೆ ಒಂದು ಕಡೆಯಿಂದ 'ನುಡಿ' ಎನ್ನುವ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಬಂದಿತ್ತು. ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ತಂದರೆ ಇನ್ನೊಂದು ತಲೆನೋವು. ಡಿಸೈನ್ ಸಾಫ್ಟ್‌ವೇರಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಲು ಮರೆತರೆ ಒತ್ತಕ್ಷರ ಕಳಚಿಕೊಂಡು ಪಕ್ಕದಲ್ಲಿ ನಿಲ್ಲುತ್ತದೆ. 'ಕನ್ನಡ'ದ ಒತ್ತೇ ಬಿಟ್ಟುಹೋದ ಬೋರ್ಡುಗಳನ್ನು ಊರೆಲ್ಲ ನೋಡಿದ್ದೀರಿ ತಾನೆ? ಆಮೇಲೆ ಸಾಲುಗಳ ನಡುವಿನ ಜಾಗ. ಇಂಗ್ಲಿಷಿಗೆ ಬಿಟ್ಟಷ್ಟೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಎಷ್ಟೋ ಕಡೆ ಮೊದಲು ಇಂಗ್ಲಿಷ್ ಫಲಕ ಮಾಡಿ, ಉಳಿದ ಜಾಗದಲ್ಲಿ ಕನ್ನಡ ತುರುಕುತ್ತಾರೆ. ಇವಳು ಮೊದಲು ಕನ್ನಡ ಕೂರಿಸುತ್ತಾಳೆ. ಹಟಮಾರಿ. ಒಳ್ಳೆಯದೇ ಆಯಿತು.

ಇನ್ನು ಇವನು. ಹೆಸರು ಬೇರೆ ಇದೆ, ನಾವು ಕರೆಯುವುದು ಎಸ್.ಪಿ. ರೋಡ್ ಅಂತ. ಸೆನ್ಸರ್, ವೈರು, ಸ್ಪೀಕರ್, ಯಾವುದು ಆ ರಸ್ತೆಯ ಎಷ್ಟನೇ ಅಂಗಡಿಯಲ್ಲಿ ಸಿಗುತ್ತದೆ ಅಂತ ಬಾಯಿಪಾಠ. ಫೈಬರ್ ಕಲ್ಲಿನ ಹಿಂದೆ ತಾಮ್ರದ ತಗಡು ಅಂಟಿಸಿದ್ದಾನೆ. ಮುಂದಿನಿಂದ ಕೈ ಇಟ್ಟರೆ ತಗಡಿಗೆ ಗೊತ್ತಾಗುತ್ತದೆ, ಆ ಸಾಲನ್ನು ಹಳಗನ್ನಡದಲ್ಲೇ ಓದಿ ಹೇಳುತ್ತದೆ. ಗುಂಡಿ ಇಲ್ಲ, ಏನೂ ಇಲ್ಲ.

ಹೋದ ವಾರ ಏನಾಯಿತು ಅಂದರೆ, ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ಬಂದರೆ ಕಲ್ಲು ಒಂದೇ ಸಮನೆ ಬಡಬಡಿಸುತ್ತಿದೆ. ಎಲ್ಲ ಸಾಲೂ ಒಟ್ಟಿಗೆ. ಎದುರಿಗೆ ಒರೆಸುವ ಅಕ್ಕ ಬಟ್ಟೆ ಹಿಡಿದು ನಿಂತಿದ್ದಾರೆ. 'ನಾನೇನೂ ಮಾಡಿಲ್ಲಮ್ಮ, ಬರೀ ಒರೆಸಿದ್ದು.' ಒದ್ದೆ ಬಟ್ಟೆ! ನೀರನ್ನೂ ಸೆನ್ಸರ್ ಕೈ ಅಂದುಕೊಳ್ಳುತ್ತದೆ. ನಾವು ಆರು ಜನ ಮೂರು ತಿಂಗಳಿಂದ ಇದನ್ನು ಮುಟ್ಟಿ ನೋಡುತ್ತಿದ್ದೇವೆ, ಒಬ್ಬರಾದರೂ ಒರೆಸಿ ನೋಡಿರಲಿಲ್ಲ. ಪ್ರದರ್ಶನ ಶುರುವಾದ ಮೇಲೆ ದಿನಾ ಬೆಳಿಗ್ಗೆ ಯಾರೋ ಒಬ್ಬರು ಒರೆಸಿಯೇ ಒರೆಸುತ್ತಾರಲ್ಲ. ಈಗ ಪಕ್ಕದಲ್ಲಿ ಒಂದು ಗುಪ್ತ ಜಾಗ ಇದೆ, ಐದು ಸೆಕೆಂಡ್ ಒತ್ತಿ ಹಿಡಿದರೆ ಕಲ್ಲು ಮಲಗುತ್ತದೆ. ಅದಕ್ಕೆ ಕೋಡಿನಲ್ಲಿ 'ಅಕ್ಕ ಮೋಡ್' ಅಂತಲೇ ಹೆಸರು.

ಕ್ಯಾಮೆರಾ ಸ್ವಲ್ಪ ಅಲ್ಲಾಡಿದರೆ ಕ್ಷಮಿಸಿ, ಪಕ್ಕದ ಬೀದಿಯ ಮಕ್ಕಳು ಬಂದರು. ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ, ಎಂಟು ಜನ. ಒಂದು ಮಾತೂ ಹೇಳಿಕೊಡುವಂತಿಲ್ಲ, ಸುಮ್ನೆ ಮೂಲೆಯಲ್ಲಿ ನಿಂತು ನೋಡಬೇಕು. ಇದು ನಮ್ಮ ನಿಯಮ. ಬಹಳ ಕಷ್ಟದ ನಿಯಮ.

ಟಾರ್ಚು ತಕ್ಷಣ ಅರ್ಥವಾಯಿತು. ಕಿತ್ತಾಡಿಕೊಂಡೇ ಹಿಡಿದರು. ಆದರೆ ಅಕ್ಷರವನ್ನು ಯಾರೂ ಮುಟ್ಟುತ್ತಿಲ್ಲ. ಒಬ್ಬಳು ಕೈ ಚಾಚಿ ಹಿಂದೆ ತೆಗೆದಳು. ಮ್ಯೂಸಿಯಂ ಅಂದರೆ 'ಮುಟ್ಟಬೇಡಿ' ಅಂತಲೇ ಕೇಳಿ ಬೆಳೆದವರು. ಕಸ್ತೂರಬಾ ರಸ್ತೆಯಲ್ಲೇ ಸರ್ಕಾರಿ ಮ್ಯೂಸಿಯಂನ ಆ ಕೆಂಪು ಕಟ್ಟಡದಿಂದ ನಾಲ್ಕು ಹೆಜ್ಜೆಗೆ 1962ರ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ, ಅಲ್ಲಿ ಹ್ಯಾಂಡಲ್ ತಿರುಗಿಸಲು ಇದೇ ಮಕ್ಕಳು ಸಾಲು ನಿಲ್ಲುತ್ತಾರೆ. ವಿಜ್ಞಾನ ಆದರೆ ಮುಟ್ಟಬಹುದು, ಇತಿಹಾಸ ಆದರೆ ಕೈ ಕಟ್ಟಿ ನಿಲ್ಲಬೇಕು. ಯಾರು ಹೇಳಿಕೊಟ್ಟರೋ.

ಆಗ ಆ ಚಿಕ್ಕವನು, ಹಳದಿ ಅಂಗಿಯವನು, ನೋಡಿ, ಮೇಲೆ ಕೆತ್ತಿರುವ ಕಾಳಿಯ ತಲೆ ಸವರಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಂಟೂ ಜನ ಸರದಿಯಲ್ಲಿ. ಕಾಳಿ ಏನೂ ಮಾತಾಡಲಿಲ್ಲ, ಅಲ್ಲಿ ತಗಡೇ ಇಲ್ಲ. ನಾವು ಅಂಟಿಸಿದ್ದೆಲ್ಲ ಕೆಳಗೆ, ಅಕ್ಷರದ ಹಿಂದೆ.

ಮೇಡಂ ನಮ್ಮ ಎಸ್.ಪಿ. ರೋಡ್ ಕಡೆ ನೋಡಿದರು. ಅವನು ಗಡಿಯಾರ ನೋಡಿದ. ಸಂಜೆ ಆರೂ ಕಾಲು. ನಾಳೆ ಭಾನುವಾರ, ಅಲ್ಲಿ ಮುಕ್ಕಾಲು ಪಾಲು ಅಂಗಡಿ ಬಾಗಿಲು. ಇನ್ನೊಂದು ಅಂಗೈಯಗಲದ ತಾಮ್ರ ಬೇಕು. ಹೆಲ್ಮೆಟ್ ಎಲ್ಲಿ ಅಂತ ಹುಡುಕುತ್ತಿದ್ದಾನೆ, ಅದು ಹಂದಿಯ ಥರ್ಮಾಕೋಲ್ ಮಾದರಿಯ ತಲೆಯ ಮೇಲಿದೆ. ನಾನು ಹೇಳುವುದಿಲ್ಲ. ಶೂಟ್ ಮಾಡುತ್ತಿದ್ದೇನೆ.