ಕೂಸುಗಳನ್ನು ಕೊಂದ ಕೋಣೆ

ಕೇಳುಗ ಬಾಂಧವರಿಗೆ ನಮಸ್ಕಾರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಮಂಗಳವೇಢೆ ಕಡೆ ಬಟ್ಟೆ ಗಿರಣಿ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಸೊಲ್ಲಾಪುರದ ಹಳೇ ಗಿರಣಿ ಶುರುವಾದದ್ದೇ 1877ರಲ್ಲಿ. ಆದರೂ ಇವತ್ತು ಮುಂಬೈಯ ಲೆಕ್ಕ ಹೇಳುತ್ತೇನೆ. ಯಾಕೆಂದರೆ ಅಲ್ಲಿ ಸಾವನ್ನು ಕೋಣೆ ಎಣಿಸಿ ಬರೆದಿಟ್ಟಿದ್ದಾರೆ.

ಇಸವಿ 1921. ನಾಲ್ಕು ಕೋಣೆ ಅಥವಾ ಅದಕ್ಕೂ ದೊಡ್ಡ ಮನೆಗಳಲ್ಲಿ, ಹುಟ್ಟಿದ ಸಾವಿರ ಕೂಸುಗಳಿಗೆ ವರ್ಷ ತುಂಬುವುದರೊಳಗೆ ಸತ್ತವು ಸುಮಾರು 133. ಮೂರು ಕೋಣೆಗೆ 191. ಎರಡು ಕೋಣೆಗೆ 322. ಒಂದೇ ಕೋಣೆಯಾದರೆ 828! ಅದೇ ಊರು, ಅದೇ ಮಳೆ, ಅದೇ ವರ್ಷ. ಬದಲಾದದ್ದು ಕೋಣೆ ಮಾತ್ರ. ಆಗ ಮುಂಬೈಯ ಮೂರು ಪಾಲು ಜನರಲ್ಲಿ ಎರಡು ಪಾಲು ಇದ್ದದ್ದು ಒಂದೇ ಕೋಣೆಯ ಮನೆಗಳಲ್ಲಿ.

ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ರೂಢಿ. ಹಾಗಾಗಿ ಎಷ್ಟೋ ಕೂಸುಗಳ ಹುಟ್ಟು ಹಳ್ಳಿಯಲ್ಲಿ, ಸಾವು ಮುಂಬೈಯ ದಫ್ತರಿನಲ್ಲಿ. ಇದರಿಂದ ಬಡವರ ಅಂಕಿ ಉಬ್ಬಿದ್ದು ನಿಜ. ಅದನ್ನು ಕಳೆದರೂ ಒಂದು ಕೋಣೆಗೂ ನಾಲ್ಕು ಕೋಣೆಗೂ ಇರುವ ಅಂತರ ಮುಚ್ಚುವುದಿಲ್ಲ.

ಆ ಕಾಲದಲ್ಲಿ ದೊಡ್ಡವರೆಲ್ಲ ಹೇಳುತ್ತಿದ್ದದ್ದು ಒಂದೇ: ತಾಯಂದಿರಿಗೆ ತಿಳಿವಳಿಕೆ ಇಲ್ಲ, ಕೂಸಿಗೆ ಅಫೀಮು ತಿನ್ನಿಸುತ್ತಾರೆ. ಹೌದು, ತಿನ್ನಿಸುತ್ತಿದ್ದರು. ಅದಕ್ಕೆ ಬಾಲಗೋಳಿ ಅನ್ನುತ್ತಿದ್ದರು. ಅದು ಅಫೀಮು ಬೆರೆಸಿದ ಸಣ್ಣ ಗುಳಿಗೆ. ಯಾಕೆ ತಿನ್ನಿಸುತ್ತಿದ್ದರು ಅಂತ ಕೇಳಬೇಡವೇ? 1911ರ ಕಾಯ್ದೆಯಲ್ಲಿ ಗಿರಣಿಯ ಹೆಂಗಸಿಗೆ ದಿನಕ್ಕೆ 11 ತಾಸು ದುಡಿಮೆ. ಹೋಗಿಬರುವ ದಾರಿ ಬೇರೆ. ಕೂಸನ್ನು ನೋಡಿಕೊಳ್ಳಲು ಅತ್ತೆ ಇಲ್ಲ, ನಾದಿನಿ ಇಲ್ಲ, ಅವರೆಲ್ಲ ಊರಲ್ಲಿ. ಖೋಲಿಯ, ಅಂದರೆ ಆ ಒಂದೇ ಕೋಣೆಯ, ಮೂಲೆಯಲ್ಲಿ ರಾತ್ರಿಪಾಳಿ ಮುಗಿಸಿದವನು ಮಲಗಿದ್ದಾನೆ, ಕೂಸು ಅತ್ತರೆ ಅವನ ನಿದ್ದೆ ಕೆಡುತ್ತದೆ. ತಾಯಿ ಉಗುರಿನಲ್ಲಿ ಗುಳಿಗೆ ಚಿವುಟಿ, ಒಂದು ಚೂರನ್ನು ಹಾಲಿನಲ್ಲಿ ತೇಯ್ದು ನೆಕ್ಕಿಸಿ, ಪಾಳಿಯ ಸೈರನ್, ಅಂದರೆ ಭೋಂಗಾ, ಕೂಗುವುದರೊಳಗೆ ಗಿರಣಿಯ ಬಾಗಿಲಲ್ಲಿರಬೇಕು.

ಆಮೇಲೆ ಆಗುವುದನ್ನು ಗಮನವಿಟ್ಟು ಕೇಳಿ. ಅಫೀಮು ಹಸಿವನ್ನು ಅಡಗಿಸುತ್ತದೆ. ಕೂಸು ಅಳುವುದಿಲ್ಲ, ಹಾಲನ್ನೂ ಕೇಳುವುದಿಲ್ಲ. ಕೂಸು ಕುಡಿಯದಿದ್ದರೆ ಎದೆಹಾಲು ಬತ್ತುತ್ತದೆ. ಮೇಲಿನ ಹಾಲಿಗೆ ನೀರು ಬೆರೆಸುತ್ತಾರೆ. ಆ ನೀರು ಚಾಳಿಗೆ, ಅಂದರೆ ಸಾಲು ಖೋಲಿಗಳ ಇಡೀ ಕಟ್ಟಡಕ್ಕೆ, ಒಂದೇ ಆದ ನಳದ್ದು, ಪಕ್ಕದಲ್ಲೇ ಮೋರಿ. ಭೇದಿ ಹಿಡಿಯುತ್ತದೆ. ನೆಗಡಿಯಾದರೆ ಇನ್ನೂ ಕೆಟ್ಟದ್ದು: ಅಫೀಮು ಕೆಮ್ಮನ್ನು ತಡೆದು ಉಸಿರನ್ನು ನಿಧಾನಗೊಳಿಸುತ್ತದೆ, ಕಫ ಎದೆಯಲ್ಲೇ ನಿಲ್ಲುತ್ತದೆ. ಸಾವಿನ ಕಾರಣ ಅಂತ ದಫ್ತರಿನಲ್ಲಿ ಬರೆಯುವುದು ಭೇದಿ, ಇಲ್ಲವೇ ಶ್ವಾಸಕೋಶದ ರೋಗ. ಕೋಣೆ ಅಂತ ಯಾರೂ ಬರೆಯುವುದಿಲ್ಲ. ಅಂಥ ತಾಯಿಗೆ ತಿಳಿವಳಿಕೆ ಕೊಡಲು ಹೊರಟವರು ಮೊದಲು ಇನ್ನೊಂದು ಕೋಣೆ ಕೊಡಬೇಕಿತ್ತು!

ಪ್ಲೇಗಿನದೂ ಇದೇ ಮಾತು. 1896ರಲ್ಲಿ ಮುಂಬೈಯ ಮಾಂಡವಿಯಲ್ಲಿ, ಕಾಳಿನ ಗೋದಾಮುಗಳ ನಡುವೆ ಕಾಣಿಸಿಕೊಂಡಿತು. ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯನಿಗೆ ಹತ್ತುತ್ತದೆ. ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರಲ್ಲ, ಅದು ಸರಿಯಾದ ಕೆಲಸ. ಇಲಿ ಇದ್ದ ಮನೆ ಬಿಟ್ಟರೆ ಚಿಗಟವನ್ನೂ ಬಿಟ್ಟಂತೆ. ಮುಂಬೈಯಲ್ಲಿ 1898ರಲ್ಲಿ ನಗರ ಸುಧಾರಣೆಗೆಂದು ಟ್ರಸ್ಟ್ ಮಾಡಿದರು. ಅದು ಹೊಸ ಮನೆ ಕಟ್ಟುವ ಮೊದಲೇ ಹಳೆಯವನ್ನು ಕೆಡವಿತು. ಮನೆ ಕಳೆದುಕೊಂಡವರು ಪಕ್ಕದ ಚಾಳಿಗೆ ನುಗ್ಗಿದರು, ಅಲ್ಲಿನ ಕೋಣೆಗಳು ಇನ್ನಷ್ಟು ತುಂಬಿದವು.

ಸಮಯ ಮುಗಿಯುತ್ತ ಬಂತು, ಇನ್ಫ್ಲುಯೆಂಜಾದ ಒಂದೇ ಲೆಕ್ಕ ಹೇಳಿಬಿಡುತ್ತೇನೆ. 1918ರಲ್ಲಿ ಮುಂಬೈಯ ಯುರೋಪಿಯನ್ನರಲ್ಲಿ ಸಾವಿರಕ್ಕೆ 8.3 ಜನ ಸತ್ತರು. ಕೆಳಜಾತಿ ಎನಿಸಿಕೊಂಡ ಹಿಂದೂಗಳಲ್ಲಿ 61.6. ಗಾಳಿಯಿಂದ ಹರಡುವ ರೋಗಕ್ಕೆ ಜಾತಿ ಗೊತ್ತಿರಲಿಲ್ಲ. ಯಾರಿಗೆ ಎಂಥ ಕೋಣೆ ಅಂತ ಗೊತ್ತುಮಾಡಿದ್ದು ಊರು. ಕ್ಷಯವೂ ಹಾಗೇ. ಬಿಸಿಲಿಗೆ ಸಾಯುವ ಅದರ ಕ್ರಿಮಿ ಕಿಟಕಿ ಇಲ್ಲದ ಖೋಲಿಯಲ್ಲಿ ಬಹಳ ದಿನ ಬದುಕುತ್ತದೆ.

ಹೆರಿಗೆ ಭತ್ಯೆಯ ಕಾಯ್ದೆ ಮುಂಬೈ ಪ್ರಾಂತ್ಯಕ್ಕೆ ಬಂದದ್ದು 1929ರಲ್ಲಿ, ದೇಶದಲ್ಲೇ ಮೊದಲು. ಆಗ ಸೊಲ್ಲಾಪುರವೂ ಅದೇ ಪ್ರಾಂತ್ಯದಲ್ಲಿತ್ತು. ನಿಮ್ಮ ಮನೆಯ ಹಿರಿಯರಲ್ಲಿ ಗಿರಣಿಗೆ ಹೋದವರಿದ್ದರೆ, ಅವರ ಖೋಲಿ ಎಷ್ಟು ದೊಡ್ಡದಿತ್ತು, ಅದರಲ್ಲಿ ಎಷ್ಟು ಜನ ಮಲಗುತ್ತಿದ್ದರು ಅಂತ ಕೇಳಿ ಬರೆದಿಡಿ. ನಮಸ್ಕಾರ.