ನುಡಿಸದೆ ಕುಳಿತವರನ್ನು ನೋಡಿ

ಕೇಳುಗರಿಗೆ ನಮಸ್ಕಾರ. ಪಾಶ್ಚಾತ್ಯ ಶಾಸ್ತ್ರೀಯ ಪರಂಪರೆಯ ಚೇಂಬರ್ ಸಂಗೀತ ಕಛೇರಿಗಳು ಡಿವಿಡಿಗಳಲ್ಲಿ ಸಿಗುತ್ತವೆ. ಆದರೆ ಅನೇಕರು ಅದನ್ನು ಹಾಕಿಟ್ಟು ಬೇರೆ ಕೆಲಸಕ್ಕೆ ತಿರುಗುತ್ತಾರೆ; ಅಷ್ಟಕ್ಕೆ ಧ್ವನಿಮುದ್ರಿಕೆಯೇ ಸಾಕಿತ್ತಲ್ಲ! ಕೆಲವೇ ವಾದಕರು, ಒಬ್ಬೊಬ್ಬರಿಗೂ ಅವರದೇ ಪಾಲು, ಎದುರು ನಿಂತು ನಡೆಸುವ ನಿರ್ದೇಶಕನೂ ಇಲ್ಲ. ಯಾವಾಗ ಎತ್ತಿಕೊಳ್ಳಬೇಕು, ಎಲ್ಲಿ ತಡೆಯಬೇಕು ಎಂಬುದೆಲ್ಲ ಕಣ್ಣೋಟದಲ್ಲಿ, ಉಸಿರಿನಲ್ಲಿ, ಕಮಾನು ಏಳುವ ರೀತಿಯಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ನಾನು ಹೇಳುವುದು ಒಂದೇ: ಆ ಗಳಿಗೆಯಲ್ಲಿ ನುಡಿಸದೆ ಕುಳಿತವರನ್ನು ನೋಡಿ.

ನನಗೆ ಬಹು ಪ್ರಿಯವಾದ ಉದಾಹರಣೆಯೊಂದಿದೆ. 1969ರ ಆಗಸ್ಟ್‌ನಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಐವರು ತರುಣರು ಆಸ್ಟ್ರಿಯಾದ ಸಂಗೀತಕಾರ ಶುಬರ್ಟ್‌ನ ‘ಟ್ರೌಟ್’ ಕ್ವಿಂಟೆಟ್, ಅಂದರೆ ಐದು ವಾದ್ಯಗಳ ಕೃತಿಯನ್ನು, ನುಡಿಸಿದರು. ಕ್ರಿಸ್ಟೋಫರ್ ನ್ಯೂಪೆನ್ ಅದನ್ನು ಚಿತ್ರೀಕರಿಸಿದರು. ಪಿಯಾನೋದಲ್ಲಿ ಬಾರೆನ್‌ಬೋಯಿಮ್, ಪಿಟೀಲಿನಲ್ಲಿ ಪರ್ಲ್‌ಮನ್, ಅದಕ್ಕಿಂತ ತುಸು ದೊಡ್ಡದಾದ ವಯೋಲಾದಲ್ಲಿ ಜೂಕರ್‌ಮನ್, ಇನ್ನೂ ದೊಡ್ಡದಾದ ಚೆಲ್ಲೊದಲ್ಲಿ ಜಾಕ್ವೆಲಿನ್ ಡು ಪ್ರೆ. ಇನ್ನು ಎಲ್ಲಕ್ಕಿಂತ ದೊಡ್ಡ ತಂತಿವಾದ್ಯವಾದ, ಮಂದ್ರದಲ್ಲಿ ನುಡಿಯುವ ಡಬಲ್ ಬಾಸ್‌ಗೆ ಯಾರು? ಮುಂಬಯಿಯಲ್ಲಿ ಹುಟ್ಟಿ, ಆ ವೇಳೆಗಾಗಲೇ ದೊಡ್ಡ ವಾದ್ಯವೃಂದಗಳನ್ನು ನಡೆಸುತ್ತಿದ್ದ ಜುಬಿನ್ ಮೆಹ್ತಾ! ಎಲ್ಲರಿಗೂ ಸನ್ನೆ ಕೊಡುವವರು ಇಲ್ಲಿ ಉಳಿದ ನಾಲ್ವರ ಸನ್ನೆಗೆ ಕಾಯಬೇಕು. ಸದ್ದಿಲ್ಲದೆ ಓಡುವ ಹಗುರ ಕ್ಯಾಮೆರಾಗಳು ಆಗಷ್ಟೇ ಬಂದಿದ್ದರಿಂದ ನ್ಯೂಪೆನ್ ವಾದಕರ ಸಮೀಪಕ್ಕೇ ಹೋಗಲು ಸಾಧ್ಯವಾಯಿತು. ಕಛೇರಿಗೆ ಮೊದಲು ಅವರು ವಾದ್ಯಗಳನ್ನು ಅದಲುಬದಲು ಮಾಡಿಕೊಂಡು ನಗುತ್ತಿರುವುದೂ ಚಿತ್ರದಲ್ಲಿದೆ. ಡು ಪ್ರೆ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವುದು 1973ರಲ್ಲಿ ಖಚಿತವಾಯಿತು, ವಾದನ ನಿಂತುಹೋಯಿತು. ಅದು ಗೊತ್ತಿದ್ದವರಿಗೆ ಆ ನಗುವನ್ನು ನೋಡುವುದು ಸುಲಭವಲ್ಲ.

ಈ ಕೃತಿಯ ನಾಲ್ಕನೆಯ ಭಾಗಕ್ಕೆ ಬನ್ನಿ. ಶುಬರ್ಟ್ ‘ಟ್ರೌಟ್’ ಎಂಬ ತನ್ನದೇ ಹಾಡಿನ ಧಾಟಿಯನ್ನು ಮೊದಲು ತಂತಿವಾದ್ಯಗಳಿಗಷ್ಟೇ ಕೊಟ್ಟಿದ್ದಾನೆ. ಪಿಯಾನೋ ಸುಮ್ಮನಿದ್ದು, ಅನಂತರ ಅದೇ ಧಾಟಿಯನ್ನು ಎತ್ತಿಕೊಳ್ಳುತ್ತದೆ. ಯಾರು ನುಡಿಸಿದ ಡಿವಿಡಿಯಾದರೂ ಸರಿ, ಇಲ್ಲಿ ಪಿಯಾನೋ ವಾದಕನನ್ನು ಹುಡುಕಿ. ಆಮೇಲೆ ಆ ಧಾಟಿ ಬೇರೆ ಬೇರೆ ರೂಪಾಂತರಗಳಲ್ಲಿ ಮರಳಿ ಬರುತ್ತದೆ. ಮೂರನೆಯ ರೂಪಾಂತರದಲ್ಲಿ ಧಾಟಿ ಚೆಲ್ಲೊ ಮತ್ತು ಡಬಲ್ ಬಾಸ್‌ಗೆ ಇಳಿಯುತ್ತದೆ, ಪಿಯಾನೋ ಮೇಲೆ ಬಿರುಸಾಗಿ ಓಡುತ್ತದೆ. ವೇಗದ ಬೆರಳು ಕಂಡೊಡನೆ ಅನೇಕ ಸಂಕಲನಕಾರರಿಗೆ ತಡೆಯಲಾಗುವುದಿಲ್ಲ, ಧಾಟಿ ಹಿಡಿದವರನ್ನು ಬಿಟ್ಟು ಬೆರಳನ್ನೇ ತೋರಿಸುತ್ತಾರೆ! ಡಿವಿಡಿ ಆರಿಸುವಾಗ ಐವರೂ ಒಟ್ಟಿಗೆ ಕಾಣುವ ದೃಶ್ಯಗಳು ಸಾಕಷ್ಟಿವೆಯೇ ಎಂದು ಗಮನಿಸಿ. ಚೌಕಟ್ಟಿನಲ್ಲಿಲ್ಲದವರನ್ನು, ಅಂದರೆ ನುಡಿಸದೆ ಕುಳಿತವರನ್ನು, ನೀವು ನೋಡುವುದಾದರೂ ಹೇಗೆ?

ಧ್ವನಿಯ ಬಗ್ಗೆ ಹೆಚ್ಚು ಹೇಳಲು ಸಮಯ ಉಳಿದಿಲ್ಲ. ತೆಳುವಾದ ಟಿವಿಯ ಸಣ್ಣ ಸ್ಪೀಕರ್‌ಗಳಲ್ಲಿ ಡಬಲ್ ಬಾಸ್‌ನ ಮಂದ್ರ ಸ್ವರಗಳು ಸರಿಯಾಗಿ ಕೇಳಿಸವು. ಬೇರೆ ಸ್ಪೀಕರ್ ಅಥವಾ ಹೆಡ್‌ಫೋನ್ ಜೋಡಿಸಿಕೊಳ್ಳಿ. ನಮಸ್ಕಾರ.